ಕೆಂಪು ಬೊಟ್ಟಿನ ಸ್ಕ್ರೂ

ಬೆಟಗೇರಿಯ ನಜಮಾಳ ರಿಪೇರಿ ಅಂಗಡಿಗೆ ವಿದ್ಯಾಶ್ರೀ ಬಂದಾಗ ಮಟಮಟ ಮಧ್ಯಾಹ್ನ. ಎದೆಗವಚಿ ತಂದ ಲ್ಯಾಪ್‌ಟಾಪನ್ನು ಟೇಬಲ್ಲಿನ ಮೇಲಿಟ್ಟವಳು ಕೂರಲೂ ಇಲ್ಲ. ಮರುದಿನ ಹನ್ನೊಂದಕ್ಕೆ ಗದಗಿನಲ್ಲಿ ಡಿಸಿ ಸಾಹೇಬರ ಮುಂದೆ ಕಲ್ಲು ಕ್ರಷರಿನ ವಿಚಾರಣೆ. ಮುಂಡರಗಿ ಕಡೆಯ ಆಕೆಯ ಊರಿನ ಮೂವತ್ತೊಂದು ಹೆಂಗಸರು ಇದೇ ಲ್ಯಾಪ್‌ಟಾಪಿನ ಕ್ಯಾಮೆರಾದ ಮುಂದೆ ಕೂತು ಹೇಳಿದ್ದನ್ನೆಲ್ಲ ಆಕೆ ಇದರೊಳಗೆ ಹಿಡಿದಿಟ್ಟಿದ್ದಳು: ಧೂಳಿಗೆ ಕೆಮ್ಮಿ ಕೆಮ್ಮಿ ಹೋದ ಗಂಡಂದಿರು, ತೊಟ್ಟಿಲ ಪಕ್ಕ ಬಂದು ಬಿದ್ದ ಸಿಡಿಗಲ್ಲು, ಕೇಳಲು ಹೋದವರ ಬೆನ್ನು ಹತ್ತಿದ ಕ್ರಷರ್ ಮಾಲೀಕನ ಜೀಪು.

ಹೇಳುವ ಮುಂಚೆ ಅವರು ಕರಾರು ಹಾಕಿದ್ದರು. ಮುಖ ಮಸುಕು ಮಾಡದೆ ಯಾರಿಗೂ ತೋರಿಸಬಾರದು, ಮೊಬೈಲಿಗಂತೂ ಹಾಕಲೇಬಾರದು. ಅವರ ಮನೆಗಳಲ್ಲಿ ಹೆಂಗಸರ ಮೊಬೈಲೆಂದರೆ ಊರ ಚಾವಡಿ, ಮೈದುನನೂ ತೆರೆಯುತ್ತಾನೆ, ಮಗನೂ ತೆರೆಯುತ್ತಾನೆ. ಹೀಗಾಗಿ ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ. ಅವರಲ್ಲಿ ಅಮೃತವ್ವ ಒಬ್ಬಳೇ ನಕ್ಕಿದ್ದಳಂತೆ: ನನ್ನ ಮಾರಿ ಚಂದಾಗಿ ತಗಿ, ಗಂಡಗ ಬ್ಯಾಡಾದ ಮಾರಿ ಸರಕಾರಕ್ಕರ ಬೇಕಾಗಲಿ.

ನಜಮಾ ಬಟನ್ ಒತ್ತಿದಳು. ದೀಪ ಹತ್ತಿತು, ಫ್ಯಾನು ಗುಂಯ್ ಎಂದಿತು, ಕಂಪನಿಯ ಗುರುತು ಮೂಡಿ ಮಾಯವಾಯಿತು. ಕಪ್ಪು ಪರದೆಯ ಮೇಲೆ ಬಿಳಿಯ ಒಂದೇ ಸಾಲು: ಶುರುವಾಗಲು ಡಿಸ್ಕ್ ಸಿಗುತ್ತಿಲ್ಲ. ಚಾರ್ಜರ್ ಕಿತ್ತು, ಬ್ಯಾಟರಿ ತೆಗೆದು, ಬಟನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿದು ಮತ್ತೆ ಹಚ್ಚಿದಳು. ಅದೇ ಸಾಲು. ವೈರು ಸಡಿಲಾಗಿರಬೇಕು, ಅಂಜಬೇಡ ಎಂದು ಹೇಳಿ, ಸ್ಕ್ರೂಡ್ರೈವರ್ ಹಿಡಿದು ಯಂತ್ರವನ್ನು ಬೋರಲು ಹಾಕಿದಳು.

ಕೈ ಅಲ್ಲಿಯೇ ನಿಂತಿತು.

ಆಕೆಯ ಅಪ್ಪ ದಸ್ತಗೀರಸಾಬ ಗಡಿಯಾರ ರಿಪೇರಿಯವನು. ತಾನು ಬಿಚ್ಚಿದ ಪ್ರತಿ ಗಡಿಯಾರದ ಬೆನ್ನೊಳಗೆ ಸೂಜಿಯಿಂದ ಗುರುತು ಗೀರುತ್ತಿದ್ದ. ಮಗಳದು ಉಗುರುಬಣ್ಣ: ಮುಚ್ಚಿದ ಮೇಲೆ ಮೂಲೆಯ ಸ್ಕ್ರೂಗೆ ಒಂದು ಕೆಂಪು ಬೊಟ್ಟು. ಎರಡು ತಿಂಗಳ ಹಿಂದೆ ಇದೇ ಲ್ಯಾಪ್‌ಟಾಪಿಗೆ ಹೊಸ ಡಿಸ್ಕ್ ಹಾಕಿ ಬೊಟ್ಟಿಟ್ಟಿದ್ದಳು. ಈಗ ಅದು ನಡುವೆ ಸೀಳಿತ್ತು. ಬಿದ್ದರೆ ಹಾಗೆ ಸೀಳುವುದಿಲ್ಲ, ಯಾರೋ ತಿರುವಬೇಕು.

ಬಿಚ್ಚಿದಳು. ಡಿಸ್ಕಿನ ಗೂಡು ಬರಿದು. ವೈರನ್ನು ಒಪ್ಪವಾಗಿ ಮಡಚಿಟ್ಟಿದ್ದರು, ಕದ್ದವರಿಗೆ ಪುರುಸೊತ್ತು ಬೇಕಾದಷ್ಟಿತ್ತು.

"ಯಾರ ಕೈಯಾಗ ಕೊಟ್ಟಿದ್ದಿ ಇದನ್ನ?"

"ಯಾರಿಗೂ ಇಲ್ಲಕ್ಕಾ. ನಿನ್ನೆ ಊರಾಗ ಕರೆಂಟ್ ಇರಲಿಲ್ಲ. ಪಂಚಾಯ್ತಿ ಆಫೀಸಿನ್ಯಾಗ ಇನ್ವರ್ಟರ್ ಐತಿ, ಚಾರ್ಜಿಗೆ ಹಚ್ಚಿದ್ದೆ. ಈಶಪ್ಪ ಮಾಮಾ ಅಲ್ಲೇ ಕುಂತಿದ್ನಲ್ಲ..."

ಹೇಳುತ್ತ ಹೇಳುತ್ತ ಆಕೆಯ ದನಿ ಸಣ್ಣದಾಯಿತು. ಈಶಪ್ಪ ಅಲ್ಲಿಯ ಗುಮಾಸ್ತ, ಆಕೆಯ ತಾಯಿಯ ತಮ್ಮ. ನಾ ಕಾಯ್ತೀನಿ, ಉಂಡು ಬಾ ಹೋಗವಾ ಎಂದಿದ್ದನಂತೆ.

ಆದರೂ ವಿದ್ಯಾಶ್ರೀ ಸೆಟೆದು ನಿಂತಳು. ಡಿಸ್ಕ್ ಹೋದರೆ ಹೋಗಲಿ, ಮೂವತ್ತೊಂದು ಮಂದಿಯನ್ನೂ ಟೆಂಪೋ ಹತ್ತಿಸಿ ತರುತ್ತೇನೆ, ಸಾಹೇಬರ ಎದುರು ಬಾಯಿಂದಲೇ ಹೇಳಲಿ ಎಂದಳು.

ನಜಮಾ ಬರಿದಾದ ಗೂಡಿನಿಂದ ಕಣ್ಣು ತೆಗೆಯಲಿಲ್ಲ.

"ಒಡಿಯೂದಿದ್ರ ಅಲ್ಲೇ ಒಡೀತಿದ್ರು, ತಂಗಿ. ಒಯ್ದಾರಂದ್ರ ನೋಡಾಕ ಒಯ್ದಾರ. ಮಾರಿ ಮಸುಕು ಮಾಡಿದ್ದೇನು?"

ಮಾಡಿರಲಿಲ್ಲ. ಇವತ್ತು ಮಾಡಬೇಕೆಂದಿದ್ದಳು. ಪ್ರತಿಯೊಬ್ಬಳೂ ಮೊದಲು ತನ್ನ ಹೆಸರು ಹೇಳಿ, ಓಣಿ ಹೇಳಿ, ಆಮೇಲೆ ಮಾತು ಶುರು ಮಾಡಿದ್ದಳು.

ವಿದ್ಯಾಶ್ರೀ ಅಮೃತವ್ವನಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದಳು. ಎತ್ತಿದವಳು ಅಮೃತವ್ವನ ಅತ್ತೆ.

"ಅಕಿ ಆಗಳೇ ಹೋದಳಲ್ಲವಾ. ಜೀಪ್ ಬಂದಿತ್ತು. ಹಿಂದ ಇನ್ನೂ ನಾಕೈದು ಮಂದಿ ಹೆಣ್ಮಕ್ಳು ಕುಂತಿದ್ರು. ನಿಮ್ಮ ಮಾಮಾನೂ ಇದ್ದ. ವಿಚಾರಣಿಗೆ ನೀನ ಕರಿಯಾಕ ಕಳಿಸೀ ಅಂದ. ಯಾಕವಾ, ನೀ ಕಳಿಸಿಲ್ಲೇನು?"

ನಜಮಾ ಲ್ಯಾಪ್‌ಟಾಪನ್ನು ಹಾಗೆಯೇ ಬಿಚ್ಚಿಟ್ಟು ಶಟರ್ ಎಳೆದಳು. ಸ್ಕೂಟರು ಮುಂಡರಗಿ ರಸ್ತೆ ಹಿಡಿಯಿತು. ಹಿಂದೆ ಕೂತ ವಿದ್ಯಾಶ್ರೀ ಎರಡನೆಯ ಹೆಂಗಸಿನ ನಂಬರು ಒತ್ತಿದಳು, ಮೂರನೆಯವಳದು ಒತ್ತಿದಳು. ಫೋನ್ ರಿಂಗಾಗುತ್ತಲೇ ಇತ್ತು. ಯಾರೂ ಎತ್ತಲಿಲ್ಲ.