ನಿಕೋಬಾರಕ್ಕೆ ಎಷ್ಟು ತಾಸು

ಮಗಳನ್ನು ಕೊಟ್ಟರೆ ಬುತ್ತಿಯ ರೊಟ್ಟಿ ಮೆತ್ತಗಿರುವಷ್ಟು ದೂರಕ್ಕೆ ಕೊಡಬೇಕು, ಬೆಳಿಗ್ಗೆ ಹೋದವರು ದೀಪ ಹಚ್ಚುವುದರೊಳಗೆ ತಿರುಗಿ ಬರಬೇಕು. ಅಲಖನೂರಿನ ಮಾಯಪ್ಪನ ಮನೆಯಲ್ಲಿ ಇದು ಅಜ್ಜಂದಿರ ಕಾಲದ ಕಟ್ಟು. ತಮ್ಮ ತೀರಿಕೊಂಡ ಮೇಲೆ ತಮ್ಮನ ಮಗಳು ಸುಂದರಾಳಿಗೂ ಅವನೇ ಹಿರಿಯ. ಹಾಗಾಗಿ ತೊಂಬತ್ತೆರಡರ ಶ್ರಾವಣದಲ್ಲಿ ಅವಳಿಗೆ ನರ್ಸ್ ಕೆಲಸದ ಆರ್ಡರು ಬಂದಾಗ, ಟಪಾಲಿನವನಿಂದ ಇಸಿದುಕೊಂಡು ಒಳಕಿಸೆಯಲ್ಲಿ ಇಟ್ಟುಕೊಂಡವನೂ ಅವನೇ. ಕೆಲಸ ಕಾರ್ ನಿಕೋಬಾರ್ ಎಂಬ ನಡುಗಡ್ಡೆಯಲ್ಲಿ. ಪೋರ್ಟ್ ಬ್ಲೇರ್ ಇರುವ ಇನ್ನೊಂದು ನಡುಗಡ್ಡೆಗೆ ಹೋಗಿ, ಅಲ್ಲಿಂದ ವಿಮಾನ. ಒಪ್ಪಿಗೆಯ ಸಹಿ ಸೋಮವಾರದೊಳಗೆ ಟಪಾಲಿಗೆ ಬೀಳಬೇಕಿತ್ತು.

"ನೀರ ದಾಟಿ ಮತ್ತ ನೀರ ದಾಟೂದು," ಎಂದ ಮಾಯಪ್ಪ. "ಎಷ್ಟ ತಾಸು ಅಂತ ಯಾರಿಗಿ ಗೊತ್ತೈತಿ?"

ಸುಂದರಾಳ ತಾಯಿ ದ್ರೌಪದಿ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಳು. ಮಂದಿಯ ಕಬ್ಬಿನಲ್ಲಿ ಕಳೆ ತೆಗೆಯುತ್ತ, ನಲವತ್ತು ದಾಟಿದ ಮೇಲೆ ರಾತ್ರಿ ಶಾಲೆಯಲ್ಲಿ ಅಕ್ಷರ, ಮಗ್ಗಿ ಕಲಿತವಳು. ಮರುದಿನ ಮಧ್ಯಾಹ್ನ ಅಲ್ಲಿ ಕಲಿಸುವ ಜ್ಞಾನದೇವ ಮಾಸ್ತರರ ಮನೆಗೆ ಹೋಗಿ ಭೂಪಟ ಬಿಡಿಸಿದಳು. ಎರಡು ನಡುಗಡ್ಡೆಗಳ ನಡುವೆ ದಾರ ಹಿಡಿದು ಭೂಪಟದ ಮೂಲೆಯ ಅಳತೆಪಟ್ಟಿಗೆ ಹಚ್ಚಿದಳು. ಸುಮಾರು ಇನ್ನೂರ ಎಪ್ಪತ್ತು ಕಿಲೋಮೀಟರು. ರಾಯಬಾಗದ ಬಸ್ಸು ತಾಸಿಗೆ ಮೂವತ್ತು ಓಡುತ್ತದೆ, ಭಾಗಿಸಿದಳು. ಒಂಬತ್ತು ತಾಸು. ತಳ ಕಾಣದ ನೀರಿನ ಮೇಲೆ ಒಂಬತ್ತು ತಾಸು ಮಗಳು ತೂಗಾಡುವುದನ್ನು ನೆನೆದು ಅವಳು ಮತ್ತೊಮ್ಮೆ ಭಾಗಿಸಿದಳು; ಅಷ್ಟೇ ಬಂತು.

ಮಾಸ್ತರರು ಲೆಕ್ಕ ನೋಡಿ ನಕ್ಕರು. "ಭಾಗಾಕಾರ ಬರೋಬರಿ ಐತಿ, ದ್ರೌಪದಕ್ಕ. ಆದ್ರ ವಿಮಾನ ಕಬ್ಬಿನ ಟ್ರ್ಯಾಕ್ಟರ್ ಹಿಂದ ಸಿಕ್ಕೊಳ್ಳಂಗಿಲ್ಲ. ಕೈ ಮಾಡಿದಲ್ಲೆಲ್ಲಾ ನಿಂದ್ರಂಗಿಲ್ಲ. ಒಂದ ತಾಸು ಹಿಡೀರಿ."

"ಒಂದ?"

"ಹೆಚ್ಚಂದ್ರ ಒಂದೂಕಾಲ ತಾಸು."

ಸಂಜೆ ಮಾಯಪ್ಪ ಕಟ್ಟೆಯ ಮೇಲೆ ತಂಬಾಕು ತಿಕ್ಕುತ್ತಿದ್ದ. ದ್ರೌಪದಿ ತಲೆಯ ಮೇಲೆ ಸೆರಗು ಎಳೆದುಕೊಳ್ಳದೆ ಎದುರಿಗೆ ಬಂದು ನಿಂತಳು. ಭಾವನ ಮುಂದೆ ಹಾಗೆ ನಿಂತದ್ದು ಅದೇ ಮೊದಲು.

"ಭಾವಾರ, ವಿಮಾನದ್ದು ಒಂದ ತಾಸಿನ ಹಾದಿರಿ."

"ಆ ವಿಮಾನದ ತನಕಾ ಯಾರ ಒಯ್ದ ಬಿಡಾವ್ರು? ನಿಮ್ಮ ಮಾಸ್ತರೇನು?"

"ಮದ್ರಾಸ್ ತನಕಾ ರೈಲು. ಆಮ್ಯಾಲ ಹಡಗ, ಮೂರ-ನಾಕ ದಿನ. ನಾ ಮುಚ್ಚಿಡಂಗಿಲ್ಲ."

"ಮತ್ತ ನಮ್ಮ ಕಟ್ಟು ಮುರೀತಲ್ಲ. ಮೂರ ಮೈಲಿ ಒಳಗ ವರಾ ನೋಡೇನಿ ನಾ."

"ನನ್ನೂ ಮೂರ ಮೈಲಿಗೇ ಕೊಟ್ಟಿದ್ರು," ಎಂದಳು ದ್ರೌಪದಿ. "ಮಾಳಿಗಿ ಏರಿದ್ರ ತವರಮನಿ ಹೊಗಿ ಕಾಣತೈತಿ. ಅಲ್ಲಿಗಿ ತಿರಗಿ ಹೋಗಾಕ ನನಗ ಎಷ್ಟ ಹಿಡೀತ್ರಿ? ಐದ ವರ್ಷ. ಕಳೆ ಐತಿ, ಕಟಾವ್ ಐತಿ ಅಂತ ನೀವ ಕಳಸಲಿಲ್ಲ. ನಾ ಹೋಗಿ ಮುಟ್ಟೂದರಾಗ ನಮ್ಮವ್ವನ ಮಣ್ಣ ಆಗಿತ್ತು. ಮೂರ ಮೈಲಿಗಿ ಐದ ವರ್ಷ ತಗೊಳ್ಳೋ ಗಾಡಿ ನಿಮ್ಮದು. ಅದರಾಗ ನನ್ನ ಮಗಳನ್ನ ಹತ್ತಸಂಗಿಲ್ಲ."

ಮಾಯಪ್ಪನ ಹೆಬ್ಬೆರಳು ಅಂಗೈಯಲ್ಲೇ ನಿಂತಿತು. "ಅಲ್ಲಿ ಅಕಿ ಅಳಕೋತ ಕುಂತ್ರ?"

"ಅಳಲಿ. ಅಕಿ ಪಗಾರ ಅಕಿ ಕೈಯಾಗ ಇರತೈತಿ, ತಿಕೀಟ ತಗಸಿ ಬರತಾಳ. ನನಗ ತವರಿಗಿ ಹೋಗಾಕ ನಿಮ್ಮ ಅಪ್ಪಣಿ ಬೇಕಾಗಿತ್ತು."

"ಹಿರ್ಯಾನ ಮಾತ ಮೀರಿದ್ರ ಈ ಬಾಗಲಾ ಮುಚ್ಚತೈತಿ ಬೇ."

"ಮುಚ್ಚರಿ. ರೊಟ್ಟಿ ಬಡಿಯಾಕಿ ಹೊರಗ ಇರತಾಳ, ತಿನ್ನಾವ್ರು ಒಳಗ ಇರ್ರಿ. ಈಗ ಕಾಗದಾ ಕೊಡ್ರಿ."

ಅವಳು ಚಾಚಿದ ಕೈ ಇಳಿಸಲಿಲ್ಲ. ಮಾಯಪ್ಪ ಬೆವರಿಗೆ ಮೆತ್ತಗಾದ ಲಕೋಟೆಯನ್ನು ತೆಗೆದು, ಅವಳ ಕೈಗೆ ಕೊಡದೆ ಕಟ್ಟೆಯ ಮೇಲೆ ಒಗೆದ. ದ್ರೌಪದಿ ಅದನ್ನು ಎತ್ತಿ, ಕಾಗದ ಬಿಡಿಸಿ, ಮಗಳನ್ನು ಕರೆದಳು. ಸಹಿ ಮಾಡಲು ಸಪಾಟು ಜಾಗ ಬೇಕಿತ್ತು. ಮಾಯಪ್ಪ ಎದ್ದು ಸರಿಯಬೇಕಾಯಿತು.