ಗೊರಟೆ ರಾಶಿ ಹುಡುಕಿಕೊಂಡು ಬಂದಾಕೆ

ಮಾವಿನ ರಸ ಡಬ್ಬಿಗೆ ತುಂಬುವ ತನ್ನ ಕಾರ್ಖಾನೆಗೆ ವಿದೇಶಿ ಕಂಪನಿಯವರು ಬಂಡವಾಳ ಹಾಕುತ್ತಾರೆಂದು ತಿಳಿದದ್ದೇ ತಡ, ಮೈದುನನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಗೋಡೆಗೆ ಸುಣ್ಣ ಬಳಿಸಿದ, ಬಾಯ್ಲರ್ ಉಜ್ಜಿಸಿದ, ಹಿತ್ತಲಲ್ಲಿ ನೊಣ ಮುತ್ತುತ್ತಿದ್ದ ಗೊರಟೆ ರಾಶಿಯನ್ನು ಲಾರಿಗೆ ತುಂಬಿಸಿ ಎಲ್ಲೋ ಸುರಿಸಿಬಂದ. ಅಬ್ಬಬ್ಬಾ, ತನ್ನ ಮದುವೆಗೂ ಇಷ್ಟು ಗಡಿಬಿಡಿ ಮಾಡಿದವನಲ್ಲ!

ಅತ್ತಿಗೆಗೆ ಮಾತ್ರ ಬೇರೆಯೇ ಚಿಂತೆ. ಹಣ್ಣು ಸುಲಿಯುವ ಹಾಲ್ ಅವಳದು. ಗಂಡ ತೀರಿಹೋದ ಮೇಲೆ ಒಬ್ಬೊಬ್ಬರನ್ನೇ ಕರೆತಂದು, ಕೈಗೆ ಚಾಕು ಕೊಟ್ಟು ಕೂರಿಸಿದ್ದ ಹೆಂಗಸರು ಅಲ್ಲಿದ್ದರು. "ಸುಲಿಯೋ ಮಷೀನ್ ಹಾಕಲೇಬೇಕಂತೆ ಅತ್ತಿಗೆ, ಕಂಪನಿಯೋರ ಹಟ. ನನ್ನ ಕೈಲೇನಿದೆ ಹೇಳಿ?" ಎಂದಿದ್ದ ಮೈದುನ. ಬಡವರ ಹೊಟ್ಟೆ ಮೇಲೆ ಹೊಡೆಯುವವರ ಮುಖ ಹೇಗಿರುತ್ತೋ ನೋಡಿಯೇಬಿಡೋಣ ಎಂದು, ಕಂಪನಿಯವರು ಬಂದ ದಿನ ಅವಳೂ ಅವನ ಹಿಂದೆ ಹೊರಟಳು.

ಬಂದಾಕೆಗೆ ನರೆತ ಕೂದಲು, ಪಕ್ಕದಲ್ಲೊಬ್ಬ ದುಭಾಷಿ. ಬಾಯ್ಲರಿನತ್ತ ಕಣ್ಣೆತ್ತಿಯೂ ನೋಡದೆ ಸರಸರ ಹಿತ್ತಲಿಗೆ ನಡೆದು, ತೊಳೆದಿಟ್ಟ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು, ಮೂಲೆಯಲ್ಲಿ ಉಳಿದಿದ್ದ ಒಂದೇ ಒಂದು ಗೊರಟೆ ಎತ್ತಿ ಮೂಸಿದಳು! ಇದೆಂಥ ಹೆಂಗಸಪ್ಪಾ ಎಂದುಕೊಂಡಳು ಅತ್ತಿಗೆ. ಕುತೂಹಲ ತಡೆಯಲಾರದೆ ತಾನೂ ಪಕ್ಕದಲ್ಲಿ ಕೂತೇಬಿಟ್ಟಳು.

"ಮಿಕ್ಕಿದ್ದೆಲ್ಲಿ ಅಂತ ಕೇಳ್ತಿದ್ದಾರೆ," ಎಂದ ದುಭಾಷಿ.

"ಎಲ್ಲಾ ಕ್ಲೀನ್ ಮಾಡಿಸಿಬಿಟ್ಟೆ!" ಮೈದುನ ಎದೆಯುಬ್ಬಿಸಿದ.

ಬಂದಾಕೆ ಹಣೆ ಹಿಡಿದುಕೊಂಡಳು. ಅವಳ ಕಂಪನಿಗೆ ಬೇಕಾಗಿದ್ದೇ ಅದಂತೆ. ಗೊರಟೆ ಒಡೆದರೆ ಒಳಗಿನ ಬೀಜದಿಂದ ಬೆಣ್ಣೆಯಂಥ ಕೊಬ್ಬು ಬರುತ್ತದಂತೆ, ಮುಖಕ್ಕೆ ಹಚ್ಚುವ ಕ್ರೀಮಿಗೆ. ಇಷ್ಟು ವರ್ಷ ಮೂಗು ಮುಚ್ಚಿಕೊಂಡು ದಾಟಿದ ರಾಶಿ! ಅತ್ತಿಗೆಗೆ ನಗು ಉಕ್ಕಿಬಂತು. ಒಣಗಿಸೋದು ಬಿಸಿಲಲ್ಲೋ ಒಲೆ ಮೇಲೋ? ಒಡೆಯೋದು ಹೇಗೆ? ವಾಸನೆ ಬರಲ್ವಾ? ಕೇಳಿದಳು, ಕೇಳಿದಳು; ದುಭಾಷಿಗೆ ಉಸಿರಾಡಲು ಬಿಡಲಿಲ್ಲ. ಬಂದಾಕೆಯೂ ಬೇಸರಿಸದೆ ಎಲ್ಲಕ್ಕೂ ಉತ್ತರ ಕೊಟ್ಟಳು. ಎಷ್ಟು ಒಳ್ಳೆಯವಳು ಅನ್ನಿಸಿದ್ದೇ ಅತ್ತಿಗೆಗೆ ಧೈರ್ಯ ಬಂತು.

"ಗೊರಟೆಗೆ ಬಂದೋರಿಗೆ ಸುಲಿಯೋ ಮಷೀನ್ ಯಾಕಮ್ಮಾ? ನಮ್ಮ ಹೆಂಗಸರು ಎಲ್ಲಿಗೆ ಹೋಗ್ಬೇಕು?"

ಅದನ್ನು ಕೇಳಿಸಿಕೊಂಡ ಬಂದಾಕೆ ಹುಬ್ಬುಗಂಟಿಕ್ಕಿ ಮೈದುನನನ್ನು ನೋಡಿದಳು. ದುಭಾಷಿ ತಡವರಿಸುತ್ತ, "ಮಷೀನ್ ಅವರು ಕೇಳೇ ಇಲ್ವಂತೆ. ಬಂಡವಾಳದ ಜೊತೆ ಅದನ್ನೂ ಹಾಕಿಸಿಕೊಡಿ ಅಂತ ಇವರೇ ದುಂಬಾಲು ಬಿದ್ದಿದ್ದಂತೆ," ಎಂದ.

ಮೈದುನನ ಬೂಟಿನ ಲೇಸು ಇದ್ದಕ್ಕಿದ್ದಂತೆ ಸಡಿಲವಾಯಿತು. ಕಟ್ಟಲು ಬಗ್ಗಿದವನು ತಲೆ ಎತ್ತಲೇ ಇಲ್ಲ.

ಅತ್ತಿಗೆಗೆ ಮೈಯೆಲ್ಲ ಉರಿದುಹೋಯಿತು. ತಾನು ಕೈಯಾರೆ ಬಡಿಸಿ ಬೆಳೆಸಿದವನು, ಯಾರೋ ಪರದೇಶದವಳ ಮೇಲೆ ಹಾಕಿ ನುಣುಚಿಕೊಳ್ಳಲು ನೋಡಿದನಲ್ಲ! ಎದ್ದು ಅವನ ತೋಳು ಹಿಡಿದಳು.

"ನಡಿಯಪ್ಪಾ ಹಾಲ್‌ಗೆ. ಎಲ್ಲಾರೂ ಚಾಕು ಹಿಡ್ಕೊಂಡೇ ಕೂತಿದ್ದಾರೆ. ಮಷೀನ್ ಯಾರಿಗೆ ಬೇಕಾಗಿತ್ತು ಅಂತ ನಿನ್ನ ಬಾಯಲ್ಲೇ ಹೇಳು."