ಮೂರನೇ ರಾಶಿಯ ಹೂಳು

ನದಿಯಿಂದ ಎತ್ತಿದ ಹೂಳು ದಡದ ಮೇಲೆ ಮೂರು ರಾಶಿಯಾಗಿ ಬಿದ್ದಿತ್ತು. ಅದನ್ನು ಹೊಲಕ್ಕೆ ಹಾಕಬಹುದೋ ಬಾರದೋ ಎಂದು ಪರೀಕ್ಷಿಸಿ ಹೇಳಬೇಕಾದವಳು, ಎಲ್ಲರೂ ಮಣ್ಣಕ್ಕ ಎಂದೇ ಕರೆಯುತ್ತಿದ್ದ ಪ್ರಯೋಗಾಲಯದ ಹೆಂಗಸು. ಐವತ್ತು ದಾಟಿದ ಒಂಟಿ ಜೀವ. ಜೊತೆಗಿದ್ದ ಸಹಾಯಕಿ ನಿವೃತ್ತಳಾದ ಮೇಲೆ ಅವಳ ಮಾತುಕತೆಯೆಲ್ಲ ಓವನ್ನಿನಲ್ಲಿ ಒಣಗುವ ಮಣ್ಣಿನ ಜೊತೆಗೇ.

ಮೊದಲೆರಡು ರಾಶಿ ಚೊಕ್ಕವಾಗಿದ್ದವು. ಮೂರನೆಯದು, ಮುಚ್ಚಿಹೋದ ಬಣ್ಣದ ಕಾರ್ಖಾನೆಯ ಕೆಳಗಿನ ಮಡುವಿನದು. ಅದರಲ್ಲಿ ಸೀಸ ಮಿತಿಯ ಎರಡು ಪಟ್ಟು ಇತ್ತು. ಯಂತ್ರವೇ ತಪ್ಪಿರಲಿ ಎಂದು ಹಾರೈಸಿ, ಹೊಸ ಮಾದರಿ ತಂದು ಮತ್ತೆ ನೋಡಿದಳು. ಅಂಕಿ ಕದಲಲಿಲ್ಲ.

"ಮೂರನ್ನೂ ಕಲಸಿ ಒಂದೇ ಸ್ಯಾಂಪಲ್ ಮಾಡಿಬಿಡಿ ಮೇಡಂ," ಎಂದ ಮೇಲಧಿಕಾರಿ. "ಸರಾಸರಿ ಮಿತಿಯೊಳಗೆ ಬರುತ್ತೆ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

"ಹೊಲಕ್ಕೆ ಹಾಕೋರು ಕಲಸಿ ಹಾಕಲ್ಲ ಸಾರ್," ಎಂದು ಅವಳು ಇದ್ದದ್ದನ್ನು ಇದ್ದ ಹಾಗೇ ಬರೆದು ಸಹಿ ಹಾಕಿದಳು.

ಆಮೇಲೆ ಗೊತ್ತಾಯಿತು, ವರದಿಗೆ ಕಾಯದೆ ಅವಳ ತಮ್ಮನೇ ಆ ರಾಶಿಯಿಂದ ಏಳೆಂಟು ತಳ್ಳುಗಾಡಿ ಹೂಳು ತಂದು ಹಿತ್ತಲಿನ ಸೊಪ್ಪಿನ ಮಡಿಗಳಿಗೆ ಹರಡಿದ್ದ. ಭಾನುವಾರ ಅವಳು ಸಲಿಕೆ, ಗೋಣಿಚೀಲ ಹಿಡಿದು ಹೋದಳು.

"ಎಷ್ಟು ಕಪ್ಪಗಿದೆ ನೋಡಕ್ಕ! ನಿನ್ನ ಯಂತ್ರಕ್ಕೆ ಮಣ್ಣಿನ ಬೆಲೆ ಗೊತ್ತಾ?"

"ನಿನ್ನ ಮಗಳು ಇಲ್ಲೇ ಆಡ್ತಾಳಲ್ಲೋ. ಒಂದು ಸಲ ಮೈಗೆ ಸೇರಿದ್ರೆ ಸುಲಭಕ್ಕೆ ಬಿಡೋದಲ್ಲ ಕಣೋ ಅದು."

"ಊರಿಗೆಲ್ಲ ಒಳ್ಳೇ ಮಣ್ಣು, ಒಡಹುಟ್ಟಿದವನಿಗೆ ಮಾತ್ರ ವಿಷಾನಾ?" ಎಂದು ಅವನು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಅವಳೊಬ್ಬಳೇ ಕೆರೆದಳು. ಅಂಗೈಯಲ್ಲಿ ಗುಳ್ಳೆಗಳೆದ್ದು ಒಡೆದವು. ತಮ್ಮನ ಹೆಂಡತಿ ಕಿಟಕಿಯಲ್ಲಿ ಕಂಡು ಮರೆಯಾದಳು. ನಾಲ್ಕು ಭಾನುವಾರ ಹಾಗೇ ನಡೆಯಿತು. ಯಾರೂ ಬಾ ಅನ್ನಲಿಲ್ಲ, ಹೋಗು ಅನ್ನಲೂ ಇಲ್ಲ. ಚೀಲಗಳು ಮೂರನೇ ರಾಶಿಗೆ ವಾಪಸಾದವು. ಕೊನೆಗೆ ಆ ರಾಶಿಯನ್ನು ಹೊಸ ರಸ್ತೆಯ ಅಡಿಗೆ ತುಂಬಿ, ಮೇಲೆ ದಪ್ಪಗೆ ಜೇಡಿಮಣ್ಣು ಬಡಿದು ಮುಚ್ಚಿದರು.

ಐದು ತಿಂಗಳ ಮೇಲೆ ಒಂದು ಬೆಳಿಗ್ಗೆ ಪ್ರಯೋಗಾಲಯದ ಬಾಗಿಲಲ್ಲಿ ಒಂದು ಕೈಚೀಲವಿತ್ತು. ಒಳಗೆ ಪಾಲಕ್ ಸೊಪ್ಪು, ತಮ್ಮನ ಕೈಬರಹದ ಚೀಟಿ: "ತಿನ್ನಬಹುದಾ?"

ತೊಳೆದು, ಒಣಗಿಸಿ, ಪುಡಿ ಮಾಡಿ ಎರಡೆರಡು ಸಲ ನೋಡಿದಳು. ಸೊಪ್ಪಿನಲ್ಲಿ ದೋಷವಿರಲಿಲ್ಲ. ಫೋನ್ ಮಾಡಿದಳು.

"ತಿನ್ನಬಹುದು ಕಣೋ. ಮಗೂಗೂ ಕೊಡು."

"ಸರಿ," ಎಂದ. ಇನ್ನೇನೋ ಹೇಳುತ್ತಾನೆ ಎಂದು ಅವಳು ಕಾದಳು. ಫೋನ್ ಕಟ್ಟಾಯಿತು.

ಉಳಿದ ಸೊಪ್ಪನ್ನು ಮನೆಗೆ ಒಯ್ದು ಬೇಯಿಸಿದಳು. ಒಬ್ಬಳಿಗೆ ಜಾಸ್ತಿಯೇ ಆಯಿತು. ಆದರೂ ಚೆಲ್ಲಲು ಮನಸ್ಸು ಬರದೆ ಎರಡು ದಿನ ಅದನ್ನೇ ಉಂಡಳು.